ಹೊಟ್ಟೆಗೊಂದು ಕಿಟಕಿ

ಮಧ್ಯಾಹ್ನ ನೀವು ಉಂಡ ಅನ್ನ, ಸಾರು, ಪಲ್ಯ ಈಗ ಏನಾಗಿರಬಹುದು? ಹೊಟ್ಟೆಗೊಂದು ಕಿಟಕಿ ಇದ್ದಿದ್ದರೆ ಇಣುಕಿ ನೋಡಬಹುದಿತ್ತು, ಅಲ್ಲವೇ? ತಮಾಷೆಯಲ್ಲ ಮಕ್ಕಳೇ, ಅಂಥ ಕಿಟಕಿಯಿದ್ದ ಮನುಷ್ಯನೊಬ್ಬ ನಿಜವಾಗಿಯೂ ಇದ್ದ. ಜಠರದ ಕೆಲಸದ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ಸಂಗತಿಗಳು ತಿಳಿದದ್ದು ಅವನಿಂದಲೇ.

ಗುಂಡೇಟು ತೆರೆದ ಕಿಟಕಿ

1822ರ ಜೂನ್ 6. ಅಮೆರಿಕದ ಉತ್ತರದಲ್ಲಿ, ಮಹಾ ಸರೋವರಗಳ ನಡುವಿನ ಮ್ಯಾಕಿನಾ ದ್ವೀಪ. ಪ್ರಾಣಿಗಳ ಚರ್ಮದ ವ್ಯಾಪಾರ ನಡೆಯುತ್ತಿದ್ದ ಅಂಗಡಿಯೊಂದರಲ್ಲಿ ಜನ ಸೇರಿದ್ದರು. ಯಾರದೋ ಕೋವಿ ಅಕಸ್ಮಾತ್ತಾಗಿ ಹಾರಿತು. ಹತ್ತಿರದಲ್ಲೇ ನಿಂತಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೆನಡಾದ ತರುಣನ ಎಡಪಕ್ಕೆಗೆ ಏಟು ಬಿತ್ತು. ಅವನು ವ್ಯಾಪಾರಿಗಳ ದೋಣಿಗಳಲ್ಲಿ ದುಡಿಯುವ ಬಡ ಕೆಲಸಗಾರ.

ಅಲ್ಲಿನ ಕೋಟೆಯ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಓಡಿ ಬಂದರು. ಇವನು ಉಳಿಯುವುದಿಲ್ಲ ಎಂದೇ ಅವರಿಗೆ ಅನ್ನಿಸಿತು. ಆದರೆ ಅಲೆಕ್ಸಿ ಬದುಕಿದ! ಗಾಯ ಮಾಯಿತು, ತೂತು ಮಾತ್ರ ಮುಚ್ಚಲಿಲ್ಲ. ಜಠರದ ಗೋಡೆ ಪಕ್ಕೆಗೆ ಅಂಟಿಕೊಂಡು ರಂಧ್ರ ಹಾಗೇ ಉಳಿಯಿತು. ಒಳಗಿನಿಂದ ಒಂದು ಪದರ ಪರದೆಯಂತೆ ಬೆಳೆದು ಅದನ್ನು ಮರೆ ಮಾಡಿತು. ಪರದೆಯನ್ನು ಬೆರಳಿನಿಂದ ಒತ್ತಿದರೆ ಜಠರದ ಒಳಗೆ ನೋಡಬಹುದಿತ್ತು!

ದಾರಕ್ಕೆ ಕಟ್ಟಿದ ತುತ್ತು

ಉಂಡದ್ದು ಹೊಟ್ಟೆಯಲ್ಲಿ ಅರೆದು ಹೋಗುತ್ತದೋ, ಕೊಳೆಯುತ್ತದೋ, ಕರಗುತ್ತದೋ ಎಂದು ಆಗ ಪಂಡಿತರು ವಾದ ಮಾಡುತ್ತಿದ್ದ ಕಾಲ. 1825ರ ಆಗಸ್ಟ್‌ನಲ್ಲಿ ಬೋಮಾಂಟ್ ರೇಷ್ಮೆ ದಾರಕ್ಕೆ ಬ್ರೆಡ್ಡು, ಹಸಿ ಎಲೆಕೋಸು, ಮಾಂಸದ ಚೂರುಗಳನ್ನು ಕಟ್ಟಿ ಆ ಕಿಟಕಿಯಿಂದ ಒಳಗೆ ಬಿಟ್ಟರು. ಒಂದು ಗಂಟೆಯ ನಂತರ ಎಳೆದು ನೋಡಿದರೆ ಬ್ರೆಡ್ಡು, ಕೋಸು ಅರ್ಧ ಕರಗಿದ್ದವು. ಮಾಂಸ ಹಾಗೇ ಇತ್ತು. ಎರಡು ಗಂಟೆಯ ಹೊತ್ತಿಗೆ ಬ್ರೆಡ್ಡು, ಕೋಸಿನ ಜೊತೆಗೆ ಬೇಯಿಸಿದ ಮಾಂಸವೂ ಮಾಯ!

ಇನ್ನೊಂದು ದಿನ ಜಠರರಸವನ್ನು ಸೀಸೆಗೆ ತೆಗೆದುಕೊಂಡು, ಅದರಲ್ಲಿ ಬೆಂದ ಮಾಂಸದ ಚೂರು ಹಾಕಿ, ಮೈಯಷ್ಟೇ ಬೆಚ್ಚಗಿಟ್ಟರು. ಅಲ್ಲೂ ಮಾಂಸ ಕರಗಿತು. ಆದರೆ ಹೊಟ್ಟೆಯಲ್ಲಿ ಎರಡೇ ಗಂಟೆಯಲ್ಲಿ ಆದ ಕೆಲಸಕ್ಕೆ ಸೀಸೆಯಲ್ಲಿ ಸುಮಾರು ಹತ್ತು ಗಂಟೆ ಬೇಕಾಯಿತು. ಯಾಕೆ? ಸೀಸೆಗೆ ಹೊಸ ರಸ ಸುರಿಸಲು ಬರುವುದಿಲ್ಲ, ಕಲಸಲೂ ಬರುವುದಿಲ್ಲ. ಜಠರಕ್ಕೆ ಎರಡೂ ಬರುತ್ತದೆ.

ನಾದುವ ಚೀಲ

ಜಠರ ಸ್ನಾಯುಗಳಿಂದಾದ ಚೀಲ. ಮೇಲಿನ ಭಾಗ ಸಡಿಲವಾಗಿ ಊಟಕ್ಕೆ ಜಾಗ ಕೊಡುತ್ತದೆ. ನಡುವಿನಿಂದ ಕೆಳಕ್ಕೆ ನಿಮಿಷಕ್ಕೆ ಸುಮಾರು ಮೂರು ಅಲೆಗಳು ಹೊರಡುತ್ತವೆ. ಚಪಾತಿ ಹಿಟ್ಟನ್ನು ಅಮ್ಮ ನಾದಿದಂತೆ ಈ ಅಲೆಗಳು ಆಹಾರವನ್ನು ಹಿಸುಕಿ ಮುಂದಕ್ಕೆ ತಳ್ಳುತ್ತವೆ. ಕೊನೆಯ ಬಾಗಿಲು ಜರಡಿಯಿದ್ದಂತೆ. ಗಂಜಿಯಾದದ್ದು ಸ್ವಲ್ಪಸ್ವಲ್ಪವೇ ಸಣ್ಣ ಕರುಳಿಗೆ ಇಳಿಯುತ್ತದೆ, ದಪ್ಪ ಚೂರುಗಳು ಹಿಂದಕ್ಕೆ ಬರುತ್ತವೆ. ಎಣ್ಣೆ ತಿಂಡಿ ಜಾಸ್ತಿಯಾದರೆ ಈ ಬಾಗಿಲು ನಿಧಾನಿಸುತ್ತದೆ. ಹೋಳಿಗೆ ಊಟವಾದ ಮೇಲೆ ಹೊಟ್ಟೆ ಭಾರ ಎನಿಸುವುದಕ್ಕೆ ಇದೂ ಒಂದು ಕಾರಣ.

ನಿಂಬೆಯನ್ನೂ ಮೀರಿಸುವ ಹುಳಿ

ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ನಿಂಬೆರಸಕ್ಕಿಂತಲೂ ತೀಕ್ಷ್ಣವಾಗಬಲ್ಲದು. ಆಹಾರದ ಜೊತೆ ಬಂದ ರೋಗಾಣುಗಳಲ್ಲಿ ಹೆಚ್ಚಿನವನ್ನು ಕೊಲ್ಲುವುದು, ಪ್ರೋಟೀನನ್ನು ತುಂಡರಿಸುವ ಪೆಪ್ಸಿನ್ ಎಂಬ ಕಿಣ್ವವನ್ನು ಎಬ್ಬಿಸುವುದು ಅದರ ಕೆಲಸ. ಬೇಳೆ, ಮೊಟ್ಟೆ, ಮಾಂಸಕ್ಕೆಲ್ಲ ಈ ಪೆಪ್ಸಿನ್ ಬೇಕು. ಒಗ್ಗರಣೆಯ ಘಮ ಮೂಗಿಗೆ ಬಡಿದರೆ ಸಾಕು, ಮಿದುಳು ನರದ ಮೂಲಕ ಸುದ್ದಿ ಕಳಿಸಿ ರಸ ಸುರಿಸಲು ಶುರುಮಾಡಿಸುತ್ತದೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ರಸ ಹುಟ್ಟುತ್ತದೆ!

ಹಾಗಾದರೆ ಜಠರವೇ ಯಾಕೆ ಕರಗುವುದಿಲ್ಲ? ಒಳಗೋಡೆಗೆ ದಪ್ಪ ಲೋಳೆಯ ಲೇಪವಿದೆ. ಅದರ ಕೆಳಗಿನ ಪದರವೂ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಅನ್ನನಾಳಕ್ಕೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ. ಆಮ್ಲ ಅಲ್ಲಿಗೆ ಏರಿದಾಗ ಆಗುವುದೇ ಎದೆಯುರಿ.

ಸಿಟ್ಟು ಬಂದಾಗ

ಅಲೆಕ್ಸಿಗೆ ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನೂ ಬೋಮಾಂಟ್ ಕಂಡರು. ಉಣ್ಣುವಾಗ ಜಗಳ ಬೇಡ ಎಂದು ಅಜ್ಜಿ ಹೇಳುವುದು ಸುಮ್ಮನೆ ಅಲ್ಲ!

ಆದರೆ ಅವನಿಗೆ ಯಾಕೆ ಸಿಟ್ಟು ಬರಬಾರದು? ಉಪವಾಸ ಇರಿಸುವುದು, ಗಂಟೆಗಟ್ಟಲೆ ದಾರ ಎಳೆಯುವುದು, ಹೊಟ್ಟೆಗೆ ಥರ್ಮಾಮೀಟರ್ ತೂರಿಸುವುದು ವರ್ಷಗಟ್ಟಲೆ ನಡೆಯಿತು. ನಡುವೆ ವೈದ್ಯರ ಮನೆಯ ಸೌದೆ ಒಡೆಯುವ ಕೆಲಸ ಬೇರೆ. ಅವನು ಒಮ್ಮೆ ಹೇಳದೆ ಕೆನಡಾಕ್ಕೆ ಹೊರಟೂ ಹೋದ. 1832ರಲ್ಲಿ ವರ್ಷಕ್ಕೆ 150 ಡಾಲರ್, ಊಟ, ವಸತಿ ಎಂದು ಕರಾರು ಬರೆಸಿಕೊಂಡರು. ಮರುವರ್ಷ ಬೋಮಾಂಟ್‌ರ ಪುಸ್ತಕ ಹೊರಬಂತು, ಅವರು ಹೆಸರಾದರು. ಊರಿಗೆ ಮರಳಿದ ಅಲೆಕ್ಸಿ, ಎಷ್ಟು ಕಾಗದ ಬರೆದರೂ ಮತ್ತೆ ಅವರ ಬಳಿ ಬರಲಿಲ್ಲ.

ಹೊಟ್ಟೆಯಲ್ಲಿ ತೂತಿದ್ದರೂ ಅವನು ಮದುವೆಯಾಗಿ, ಮಕ್ಕಳನ್ನು ಸಾಕಿ, ವೈದ್ಯರಿಗಿಂತ 27 ವರ್ಷ ಹೆಚ್ಚು ಬಾಳಿದ. 1880ರಲ್ಲಿ ತೀರಿಕೊಂಡಾಗ, ಇನ್ನು ಯಾವ ವೈದ್ಯರೂ ಅವನನ್ನು ಮುಟ್ಟಬಾರದೆಂದು ಮನೆಯವರು ಆಳವಾದ ಗುಂಡಿ ತೋಡಿ ಮಣ್ಣು ಮಾಡಿದರು. ಇಂದು ರೋಗಿಯ ಒಪ್ಪಿಗೆಯಿಲ್ಲದೆ ಪ್ರಯೋಗ ಮಾಡುವಂತಿಲ್ಲ ಎಂಬ ನಿಯಮವಿದೆ. ಅದು ಯಾಕೆ ಬೇಕೆಂದು ಅಲೆಕ್ಸಿಯ ಕಥೆ ಕೇಳಿದರೆ ಗೊತ್ತಾಗುತ್ತದೆ.

ಇಂದು ರಾತ್ರಿ ಊಟವಾದ ಮೇಲೆ ಹೊಟ್ಟೆ ಗುಡುಗುಡು ಎಂದರೆ, ಆ ಬಡ ದೋಣಿಯವನನ್ನು ಒಮ್ಮೆ ನೆನೆಯಿರಿ.