ಸರಳ ಗಣಕ ಆಟಗಳಲ್ಲಿ ಸ್ಪಂದನಶೀಲ ಅಂಗಗಳ ಸಂಕೇತ ವಿನ್ಯಾಸ: ಅಳಗುಳಿಮಣೆಯ ನಿದರ್ಶನ

1952ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಗಣಕಕ್ಕಾಗಿ ಎ. ಎಸ್. ಡಗ್ಲಾಸ್ ಅವರು ಸೊನ್ನೆ-ಕತ್ತರಿ ಆಟವೊಂದನ್ನು ರಚಿಸಿದರು. ಆಟಗಾರನು ತನ್ನ ನಡೆಯನ್ನು ದೂರವಾಣಿಯ ತಿರುಗುಬಿಲ್ಲೆಯಿಂದ ಸೂಚಿಸಬೇಕಾಗಿತ್ತು. ಅನಂತರ ಕೀಲಿಮಣೆ, ಮೌಸ್, ಸ್ಪರ್ಶಪರದೆಗಳು ಬಂದವು. ಸೊನ್ನೆ-ಕತ್ತರಿಯ ನಿಯಮಗಳು ಮಾತ್ರ ಬದಲಾಗಲಿಲ್ಲ. ಆಟದ ನಿಯಮ ಬೇರೆ, ಅದನ್ನು ಆಡಿಸುವ ಸಾಧನ ಬೇರೆ ಎಂಬ ಈ ವಿವೇಕವೇ ಸ್ವಚ್ಛವಾದ ಸಂಕೇತ ರಚನೆಯ ತಳಹದಿ. 1979ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಟ್ರಿಗ್ವೆ ರೀನ್‌ಸ್ಕೌಗ್ ಅವರು ಇದಕ್ಕೆ ಮಾದರಿ, ನೋಟ, ನಿಯಂತ್ರಕ ಎಂಬ ತ್ರಿವಿಧ ವಿಭಜನೆಯ ರೂಪ ಕೊಟ್ಟರು.

ಈ ತತ್ತ್ವವನ್ನು ನಮ್ಮ ಅಳಗುಳಿಮಣೆಗೆ ಅನ್ವಯಿಸಿ ನೋಡಬಹುದು. ಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು, ಒಟ್ಟು 14 ಗುಳಿಗಳು. ಪರದೆಯ ಮೇಲೆ ಪ್ರತಿಯೊಂದು ಗುಳಿಯೂ ಒತ್ತಬಹುದಾದ ಒಂದು ಗುಂಡಿಯಾಗುತ್ತದೆ. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಗುಂಡಿಯನ್ನು ಒತ್ತಿದಾಗ ನಡೆಯುವ ಕ್ರಿಯೆಯೊಳಗೇ ಕಾಳುಗಳ ಎಣಿಕೆ, ಹಂಚಿಕೆ, ಬಣ್ಣದ ಬದಲಾವಣೆ, ಗೆಲುವಿನ ನಿರ್ಣಯ ಎಲ್ಲವನ್ನೂ ತುಂಬುತ್ತಾರೆ. ಆಟ ನಡೆಯುತ್ತದೆ, ನಿಜ. ಆದರೆ ಒಂದು ನಿಯಮವನ್ನು ಬದಲಿಸಬೇಕಾದಾಗ ಹದಿನಾಲ್ಕು ಗುಳಿಗಳ ಸಂಕೇತವನ್ನೂ ಕೆದಕಬೇಕಾಗುತ್ತದೆ.

ಇದಕ್ಕೆ ಪರಿಹಾರವೆಂದರೆ ಕಾರ್ಯವಿಭಜನೆ. ಗುಂಡಿಯು ತನಗೆ ಸಂಬಂಧಿಸಿದ ನಾಲ್ಕು ಸ್ಥಿತಿಗಳನ್ನು ಮಾತ್ರ ಅರಿತಿರಬೇಕು: ಸಹಜ, ಸೂಚಿತ, ಒತ್ತಿದ, ನಿಷ್ಕ್ರಿಯ. ಒತ್ತಿದ ಬೆರಳು ಗುಂಡಿಯ ಎಲ್ಲೆಯೊಳಗೇ ಮೇಲೆದ್ದರೆ ಅದು ‘ಐದನೆಯ ಗುಳಿ ಆಯ್ಕೆಯಾಯಿತು’ ಎಂಬ ಸಂದೇಶವನ್ನಷ್ಟೇ ಕಳುಹಿಸಬೇಕು. ಎಲ್ಲೆಯಾಚೆ ಸರಿದರೆ ಆಯ್ಕೆ ರದ್ದಾಗಬೇಕು. ಆ ನಡೆ ಸಿಂಧುವೇ ಎಂಬುದನ್ನು ತೀರ್ಮಾನಿಸುವುದು ಮಾದರಿಯ ಹೊಣೆ. ಯಾವ ಗುಳಿ ನಿಷ್ಕ್ರಿಯವೆಂಬುದನ್ನೂ ಗುಂಡಿಯಲ್ಲಿ ಪ್ರತ್ಯೇಕವಾಗಿ ಬರೆದಿಡದೆ ಮಾದರಿಯಿಂದಲೇ ಕೇಳಿ ಪಡೆಯಬೇಕು. ಒಂದೇ ಸಂಗತಿಯನ್ನು ಎರಡು ಕಡೆ ದಾಖಲಿಸಿದರೆ ಅವೆರಡೂ ಪರಸ್ಪರ ವಿರುದ್ಧವಾಗುವ ಸಂಭವವಿರುತ್ತದೆ.

ಕಾಳುಗಳು ಒಂದೊಂದಾಗಿ ಬೀಳುವ ಚಲನಚಿತ್ರಣದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಮಾದರಿಯು ಇಡೀ ನಡೆಯನ್ನು ಒಮ್ಮೆಗೇ ಲೆಕ್ಕಹಾಕಿ ಹಂತಗಳ ಪಟ್ಟಿಯನ್ನು ನೋಟಕ್ಕೆ ಒಪ್ಪಿಸಬೇಕು. ನೋಟವು ಅದನ್ನು ನಿಧಾನವಾಗಿ ತೋರಿಸುವಾಗ ಹೊಸ ಆಯ್ಕೆಗಳನ್ನು ತಡೆಹಿಡಿಯಬೇಕು. ಇಲ್ಲವಾದರೆ ಅರ್ಧ ಹಂಚಿದ ಕಾಳುಗಳ ನಡುವೆ ಇನ್ನೊಂದು ನಡೆ ನುಸುಳುತ್ತದೆ. ಈ ವಿಭಜನೆಯ ಮತ್ತೊಂದು ಲಾಭವೆಂದರೆ ಪರದೆಯಿಲ್ಲದೆಯೂ ನಿಯಮಗಳನ್ನು ಪರೀಕ್ಷಿಸಬಹುದು. ಗುಳಿಗೆ ನಾಲ್ಕರಂತೆ ಆರಂಭಿಸಿದರೆ, ಗುಳಿಗಳಲ್ಲಿರುವ ಮತ್ತು ಗೆದ್ದ ಕಾಳುಗಳ ಮೊತ್ತ ಪ್ರತಿ ನಡೆಯ ನಂತರವೂ 56 ಆಗಿರಲೇಬೇಕು.

ಗುಂಡಿಯ ಮೇಲಿನ ಬರಹದ ವಿಷಯದಲ್ಲಿ ಕನ್ನಡದಲ್ಲಿ ತೊಡಕೊಂದಿದೆ. ‘ಕ್ಷ’ ಎಂಬುದು ಓದುಗನಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರು ಸಂಕೇತಬಿಂದುಗಳ ಸರಣಿ. ಸಂಕೇತಬಿಂದುಗಳನ್ನು ಎಣಿಸಿ ಗುಂಡಿಯ ಅಗಲವನ್ನು ನಿಗದಿಪಡಿಸಿದರೆ ಅಳತೆ ತಪ್ಪುತ್ತದೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಎತ್ತರಕ್ಕೂ ಅವಕಾಶವಿರಬೇಕು. ಆದುದರಿಂದ ಮೂಡಿದ ಅಕ್ಷರರೂಪವನ್ನೇ ಅಳೆಯುವುದು ಸರಿಯಾದ ಕ್ರಮ. ಸರದಿಯನ್ನು ಬಣ್ಣವೊಂದರಿಂದಲೇ ಸೂಚಿಸುವುದೂ ಸಲ್ಲದು; ಬಣ್ಣಗಳನ್ನು ಗುರುತಿಸಲಾಗದವರಿಗೆ ಆಕಾರ ಅಥವಾ ಬರಹದ ಆಸರೆ ಬೇಕು.

ಅಳಗುಳಿಮಣೆಗೆ ಏಕರೂಪದ ನಿಯಮಾವಳಿಯಿಲ್ಲ. ತುಳುನಾಡಿನಲ್ಲಿ ಅದು ಚೆನ್ನೆಮಣೆ. ಆರಂಭದ ಕಾಳುಗಳ ಸಂಖ್ಯೆ, ಗೆಲ್ಲುವ ಕ್ರಮ ಊರಿಂದೂರಿಗೆ ಬೇರೆ. ನಿಯಮವನ್ನು ಗುಂಡಿಯೊಳಗೆ ಹುದುಗಿಸಿದ ತಂತ್ರಾಂಶವು ಒಂದು ಊರಿನ ಪಾಠವನ್ನೇ ಎಲ್ಲರ ಪಾಠವನ್ನಾಗಿಸಿ ಉಳಿದವನ್ನು ಮರೆವಿಗೆ ತಳ್ಳುತ್ತದೆ. ನಿಯಮವನ್ನು ಪ್ರತ್ಯೇಕವಾಗಿರಿಸಿದ ತಂತ್ರಾಂಶವಾದರೋ ಅದೇ ಮಣೆಯ ಮೇಲೆ ಹಲವು ಪಾಠಗಳಿಗೆ ಎಡೆಮಾಡಿಕೊಡಬಲ್ಲದು. ಜಾನಪದ ಕ್ರೀಡೆಗಳನ್ನು ಗಣಕಕ್ಕೆ ಅಳವಡಿಸುವ ವಿದ್ವಾಂಸರು ಸಂಕೇತದ ಸ್ವಚ್ಛತೆಯನ್ನು ತಂತ್ರಜ್ಞರ ಕಾಳಜಿಯೆಂದಷ್ಟೇ ಭಾವಿಸದೆ ಪಾಠಸಂರಕ್ಷಣೆಯ ಅಂಗವೆಂದೂ ಪರಿಗಣಿಸುವುದು ಯುಕ್ತ.