ಎರೆನಾಡಿನ ಪಿಕಪ್, ಮಲೆನಾಡಿನ ಏರು

ಸ್ವಂತ ಗಾಡಿಯಿಲ್ಲದ ಸಣ್ಣ ಬೆಳೆಗಾರನ ಕೊಯ್ಲು ಬಾಡಿಗೆ ಗಾಡಿಯವನ ಬಿಡುವು ನೋಡಿಕೊಂಡು ನಡೆಯಬೇಕಾಗುತ್ತದೆ. ಕೊಯ್ದ ಕಾಫಿ ಹಣ್ಣು ಅಂದೇ ಪಲ್ಪರ್‌ಗೆ ಬೀಳಬೇಕು; ಹಸಿ ಅಡಿಕೆಯೂ ಬಹಳ ದಿನ ಕಾಯುವ ಪದಾರ್ಥವಲ್ಲ. 1990ರ ದಶಕದ ನಡುವೆ ಕಾಫಿಯ ಪೂಲ್ ಪದ್ಧತಿ ಮುಗಿದು ಮಾರಾಟದ ಸ್ವಾತಂತ್ರ್ಯ ಬಂದಾಗ, ಮಾಲನ್ನು ಎಲ್ಲಿಗೆ, ಯಾವಾಗ ಸಾಗಿಸಬೇಕೆಂಬ ಹೊಣೆಯೂ ನಮ್ಮ ಹೆಗಲಿಗೇ ಬಂತು. ಹೊಸ ಪಿಕಪ್ಪಿನ ಬೆಲೆ ನಾಲ್ಕೈದು ಎಕರೆಯವರಿಗೆ ನಿಲುಕುವಂಥದಲ್ಲ. ಆದ್ದರಿಂದ ಕೊಪ್ಪದ ಕಡೆಯ ನಾವು ಮೂರು ಮನೆಯವರು ಸೇರಿ ಹಳೆಯ ಡೀಸೆಲ್ ಪಿಕಪ್ ಒಂದನ್ನು ಕೊಂಡೆವು. ಅದು ಸಿಕ್ಕಿದ್ದು ನಮ್ಮ ಸೀಮೆಯಲ್ಲಲ್ಲ, ದೂರದ ರೋಣದಲ್ಲಿ. ಸದಸ್ಯರಲ್ಲಿ ಹಲವರು ಇದೇ ಯೋಚನೆಯಲ್ಲಿರುವುದರಿಂದ, ನಮಗೆ ಸರಿಹೋದದ್ದನ್ನೂ ನಾವು ತಪ್ಪಿದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಅಷ್ಟು ದೂರ ಏಕೆ ಎಂದು ಕೇಳುವವರುಂಟು. ನಮ್ಮ ಕಡೆಯ ಹಳೆಯ ಗಾಡಿಗಳಿಗೆ ತುಕ್ಕೇ ಯಮ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ. ಕೆಳಗೆ ಮಲಗಿ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಬಯಲಿನಲ್ಲಿ ಬೀಳುವ ಮಳೆ ನಮ್ಮದರ ನಾಲ್ಕೈದರಲ್ಲಿ ಒಂದು ಪಾಲು. ಅಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ಗಾಡಿಯ ಚಾಸಿ ಕೂಡ ಗಟ್ಟಿಯಾಗಿರುತ್ತದೆಂದು ಕೇಳಿದ್ದೆವು. ಅದು ನಿಜವೇ ಆಗಿತ್ತು.

ನಾವು ಹೋದದ್ದು 2023ರ ದೀಪಾವಳಿ ಕಳೆದ ವಾರ. ಆ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಮೊದಲು ನರಗುಂದದಲ್ಲಿ ಎರಡು ಗಾಡಿ ನೋಡಿದೆವು. 1980ರ ಜುಲೈಯಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದು ನಿಂತ ಊರದು. ಚಹದಂಗಡಿಯಲ್ಲಿ ಗಾಡಿಯ ಮಾತಿಗಿಂತ ನೀರಿನ ಮಾತೇ ಹೆಚ್ಚಾಯಿತು. ಅಲ್ಲಿಯ ಗಾಡಿಗಳು ಒಪ್ಪಿಗೆಯಾಗಲಿಲ್ಲ. ರೋಣದ ಸಮೀಪದ ಹಳ್ಳಿಯೊಂದರಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರುತ್ತಿದ್ದ ಪಿಕಪ್ಪನ್ನು ಅದರ ಯಜಮಾನರು ತೊಳೆದು ನಿಲ್ಲಿಸಿದ್ದರು. "ಗಾಡಿ ಚಲೋ ಐತ್ರೀ ಅಣ್ಣಾರ. ಮಳಿ ಆಗಿದ್ರ ನಾ ಇದನ್ನ ಮಾರತಿದ್ದಿಲ್ಲ" ಎಂದರು. ಆ ಮಾತು ಕೇಳಿದ ಮೇಲೆ ಚೌಕಾಸಿ ಮಾಡಲು ನಮಗೆ ಹೆಚ್ಚು ಬಾಯಿ ಬರಲಿಲ್ಲ.

ಗಾಡಿ ಎಲೆಕ್ಟ್ರಾನಿಕ್ ಕಂಟ್ರೋಲ್ ಇಲ್ಲದ, ಹಳೆಯ ಮಾದರಿಯ ಡೀಸೆಲ್ ಪಂಪಿನದು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ಕಡ್ಡಾಯವಾದ ಮೇಲೆ ಬಂದಿರುವ ಗಾಡಿಗಳ ಹೊಗೆ ಕಡಿಮೆ ನಿಜ. ಆದರೆ ಅವುಗಳ ಕಾಯಿಲೆ ತಿಳಿಯಬೇಕಾದರೆ ಸ್ಕ್ಯಾನರ್ ಬೇಕು. ಕೊಟ್ಟಿಗೆಯಲ್ಲಿ ಪಾನಾ ಹಿಡಿದು ಕೂರುವವನಿಗೆ ಹಳೆಯದೇ ಅನುಕೂಲ.

ಎಂಜಿನ್ ಬೆಳಿಗ್ಗೆ ತಣ್ಣಗಿರುವಾಗಲೇ ನೋಡಬೇಕು. ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿರೆಂದು ರಾತ್ರಿಯೇ ಹೇಳಿದ್ದೆವು. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಗಾಳಿ ಸಾಲದು ಅಥವಾ ನಾಜಲ್ ಕೆಟ್ಟಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೊಳ್ಳುವ ಮಾತೇ ಬೇಡ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದ ಬುಸುಬುಸು ಹೊಗೆ ಏಳಬಾರದು. ಎದ್ದರೆ ರಿಂಗು, ಲೈನರ್ ಸವೆದಿವೆ ಎಂದರ್ಥ. ಎರೆನಾಡಿನ ಗಾಡಿಗೆ ಇನ್ನೊಂದು ಪರೀಕ್ಷೆ ತಪ್ಪದೆ ಮಾಡಬೇಕು. ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಕೊಳವೆ ಬಿಚ್ಚಿ, ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಬೇಕು. ಗಜೇಂದ್ರಗಡದ ಗುಡ್ಡದ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಆ ಗಾಳಿಗೆ ಎರೆಮಣ್ಣಿನ ಧೂಳು ಹಿಟ್ಟಿನಂತೆ ಏಳುತ್ತದೆ. ಫಿಲ್ಟರ್ ದಾಟಿದ ಕೊಳವೆಯಲ್ಲೂ ಧೂಳಿದ್ದರೆ ಅದು ಸಿಲಿಂಡರ್ ಹೊಕ್ಕು ಅರದಂತೆ ಉಜ್ಜಿರುತ್ತದೆ. ನಮ್ಮ ಬಟ್ಟೆ ಶುಭ್ರವಾಗಿಯೇ ಹೊರಬಂತು.

ಇಷ್ಟು ಜಾಣತನ ತೋರಿದ ನಾವು ದೊಡ್ಡ ತಪ್ಪೊಂದನ್ನು ಮಾಡಿದೆವು. ರೋಣದಿಂದ ಗಜೇಂದ್ರಗಡದವರೆಗೆ ಖಾಲಿ ಗಾಡಿಯನ್ನು ಓಡಿಸಿ, ಬಿಸಿಯ ಮುಳ್ಳು ನಡುವೆಯೇ ನಿಂತದ್ದನ್ನು ಕಂಡು ತೃಪ್ತಿಪಟ್ಟೆವು. ಆ ರಸ್ತೆ ಬಹುಮಟ್ಟಿಗೆ ಸಮತಟ್ಟು. ಹೇರೂ ಇಲ್ಲ, ಏರೂ ಇಲ್ಲ.

ಊರಿಗೆ ಬಂದ ಎರಡನೇ ವಾರ, ಮೂರು ಮನೆಯ ಅರೇಬಿಕಾ ಹಣ್ಣನ್ನು ಒಟ್ಟಿಗೆ ಹೇರಿಕೊಂಡು ಸಂಜೆ ಹೊರಟೆವು. ಅರ್ಧ ಏರು ಹತ್ತುವಷ್ಟರಲ್ಲಿ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹಬೆ ಎದ್ದಿತು. ನಮ್ಮಲ್ಲೊಬ್ಬರು ಗಾಬರಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಿದ್ದರು. ಪುಣ್ಯಕ್ಕೆ ಇನ್ನೊಬ್ಬರು ಎಳೆದುಕೊಂಡರು. ಬಿಸಿ ಮುಚ್ಚಳ ತೆಗೆದರೆ ಕುದಿನೀರು ನೇರ ಮುಖಕ್ಕೇ ಹಾರುತ್ತದೆ. ಆರಿಸಿ, ನೀರು ತುಂಬಿ, ಮತ್ತೆ ಹೊರಟು ಮತ್ತೆ ನಿಂತು, ಪಲ್ಪರ್ ಮನೆ ಸೇರುವಾಗ ಕೆಲಸದವರು ಹೋಗಿಯಾಗಿತ್ತು. ಹಣ್ಣು ಚೀಲದಲ್ಲೇ ರಾತ್ರಿ ಕಳೆದು ಬೆಳಿಗ್ಗೆ ಕೈಯಿಟ್ಟರೆ ಬೆಚ್ಚಗಿತ್ತು, ಹುಳಿ ವಾಸನೆ ಬರುತ್ತಿತ್ತು. ಆ ಮಾಲನ್ನು ಬೇರೆಯಾಗಿಯೇ ಒಣಗಿಸಿ ಕಡಿಮೆ ದರಕ್ಕೆ ಕೊಡಬೇಕಾಯಿತು. ಮೂರು ಮನೆಯಲ್ಲೂ ಎರಡು ದಿನ ಯಾರೂ ಸರಿಯಾಗಿ ಮಾತನಾಡಲಿಲ್ಲ.

ಕಾರಣ ಹುಡುಕಿದ್ದು ಕೊಟ್ಟಿಗೆಯಲ್ಲಿ. ರೇಡಿಯೇಟರ್ ಇಳಿಸಿ ನೋಡಿದರೆ ಕೊಳವೆಗಳ ಬಾಯಿ ಸುಣ್ಣದಂಥ ಬಿಳಿ ಹೆಪ್ಪಿನಿಂದ ಅರ್ಧ ಮುಚ್ಚಿತ್ತು. ಆ ಸೀಮೆಯ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ತುಂಬಿದ್ದಾರೆ. ಬಯಲು ರಸ್ತೆಯಲ್ಲಿ ಅರ್ಧ ರೇಡಿಯೇಟರೇ ಸಾಕಾಗಿತ್ತು. ಮಾರಿದವರು ಮೋಸ ಮಾಡಲಿಲ್ಲ. ಗಾಡಿ ಅವರಿಗೆಂದೂ ಕುದಿದೇ ಇರಲಿಲ್ಲ. ಹಿತ್ತಾಳೆಯ ರೇಡಿಯೇಟರ್ ಆದರೆ ತೊಟ್ಟಿ ಬಿಚ್ಚಿ ಸರಳು ಹಾಯಿಸಿ ಶುದ್ಧ ಮಾಡಿಸಬಹುದು. ನಮ್ಮದು ಅಲ್ಯೂಮಿನಿಯಂ, ಹೊಸದನ್ನೇ ಹಾಕಿದೆವು. ಈಗ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬಿಟ್ಟು ಬೇರೇನನ್ನೂ ತುಂಬುವುದಿಲ್ಲ.

ಬ್ರೇಕಿನ ಕಥೆಯೂ ಇದೇ ಜಾತಿಯದು. ಬಯಲಿನಲ್ಲಿ ಬ್ರೇಕಿಗೆ ಕೆಲಸ ಕಡಿಮೆ, ಹೀಗಾಗಿ ಯಾರೂ ಅದರ ಆಯಿಲ್ ಬದಲಿಸಿರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಉದ್ದನೆಯ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ರೇಡಿಯೇಟರಿನಿಂದ ಪಾಠ ಕಲಿತಿದ್ದ ನಾವು ಇದನ್ನು ಮೊದಲೇ ಬದಲಿಸಿ, ಹಿಂದಿನ ಡ್ರಮ್ ಬಿಚ್ಚಿ ಸಿಲಿಂಡರಿನ ರಬ್ಬರುಗಳನ್ನೂ ಹೊಸದು ಮಾಡಿಸಿದೆವು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರಿಗೆ ಒಂದು ಮಾತು: ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪಂಪಿನ ಗವರ್ನರ್ ಡೀಸೆಲನ್ನೇ ಕಡಿದುಬಿಡುತ್ತದೆ. ನ್ಯೂಟ್ರಲ್‌ನಲ್ಲೇ ಡೀಸೆಲ್ ಉರಿಯುವುದು.

ಕೊಟ್ಟಿಗೆಯ ಸಾಮಾನು ದೊಡ್ಡದೇನಲ್ಲ. ಒಂದು ಗಟ್ಟಿ ಮೇಜಿಗೆ ಬಿಗಿದ ವೈಸ್, ರಿಂಗ್ ಪಾನಾ ಸೆಟ್ಟು, ಗ್ರೀಸ್ ಗನ್, ಮಲ್ಟಿಮೀಟರ್, ಜಾಕ್, ಅದರ ಜೊತೆಗೆ ತಪ್ಪದೆ ಎರಡು ಸ್ಟ್ಯಾಂಡು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ನಿಮಿಷವೂ ಹೋಗಬಾರದು. ಆಯಿಲ್, ಫಿಲ್ಟರ್, ಬೆಲ್ಟ್, ಗ್ರೀಸ್ ಎಲ್ಲವನ್ನೂ ನಾವೇ ಮಾಡಿಕೊಳ್ಳುತ್ತೇವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡುತ್ತೇವೆ. ಲೈನಿನಲ್ಲಿ ಏರ್ ಹಿಡಿದರೆ ಮೇಲಿನ ತಿರುಪು ಬಿಚ್ಚಿ, ಕೈಪಂಪನ್ನು ಒತ್ತುತ್ತ, ಗುಳ್ಳೆ ನಿಂತು ಬರಿಯ ಡೀಸೆಲ್ ಬಂದಾಗ ಬಿಗಿದರಾಯಿತು. ಇದನ್ನು ಮೂರೂ ಮನೆಯ ಹುಡುಗರು ಕಲಿತಿದ್ದಾರೆ. ಪಂಪು, ನಾಜಲ್ ಮಾತ್ರ ಮುಟ್ಟುವುದಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೊ ಕಂಪೆನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಮೇಸ್ತ್ರಿಗಳ ಬಾಯಲ್ಲಿ ಅದು ಮೈಕೊ ಪಂಪೇ. ಅದರ ಕೆಲಸ ಯಂತ್ರವಿಟ್ಟು ಅಳೆಯುವವರದು. ನಾಜಲಿನ ಸಿಂಪರಣೆ ಚರ್ಮ ತೂರಿ ಒಳಹೋಗುವಷ್ಟು ಬಿರುಸಾದದ್ದು, ಕೈಯೊಡ್ಡಿ ಪರೀಕ್ಷಿಸಬಾರದು.

ಕಾಗದಪತ್ರದಲ್ಲಿ ಅವಸರ ಬೇಡ. ಸಾಲದ ಗಾಡಿಯಾಗಿದ್ದರೆ ಆರ್.ಸಿ.ಯಲ್ಲಿನ ಸಾಲದ ನಮೂದು ರದ್ದಾಗಿರಬೇಕು. 29, 30ನೇ ನಮೂನೆಗಳಿಗೆ ಮಾರಿದವರ ಸಹಿ ಅಲ್ಲಿಯೇ ಪಡೆದು, ಕೊಂಡ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ವಿಮೆಗೆ ಇರುವುದು 14 ದಿನ. ಎಂಟು ವರ್ಷ ಮೀರಿದ ಸರಕು ಗಾಡಿಗೆ ಎಫ್.ಸಿ. ಪ್ರತಿವರ್ಷವೂ ಆಗಬೇಕು. ಕೊಂಡ ಬೆಲೆಯ ಐದನೇ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆಂದು ಎತ್ತಿಡದವರು ಹಳೆಯ ಗಾಡಿಗೆ ಕೈಹಾಕದಿರುವುದೇ ಲೇಸು.

ನಮ್ಮ ಗಾಡಿ ಒಬ್ಬರ ಹೆಸರಿನಲ್ಲಿದೆ. ಖರ್ಚು ಮತ್ತು ಸರದಿಯ ಒಪ್ಪಂದ ಸ್ಟಾಂಪ್ ಕಾಗದದ ಮೇಲಿದೆ. ಅದನ್ನು ಬರೆಯಬೇಕೆನಿಸಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಆ ಹಳ್ಳಿಯನ್ನು ಬರುವಾಗ ನೋಡಿಕೊಂಡು ಬಂದೆವು. ಕೊಯ್ಲಿನ ದಿನ ಮೂರು ಮನೆಗೂ ಗಾಡಿ ಬೇಕಾದಾಗ ಆ ಕಾಗದ ಎರಡು ಸಲ ಹೊರಗೆ ಬಂದಿದೆ.

ಹಳೆಯ ರೇಡಿಯೇಟರನ್ನು ಗುಜರಿಗೆ ಹಾಕಿಲ್ಲ. ಅಡ್ಡಲಾಗಿ ಕೊಯ್ದು ಕೊಟ್ಟಿಗೆಯ ಗೋಡೆಗೆ ತೂಗಿಹಾಕಿದ್ದೇವೆ. ಬಯಲುಸೀಮೆಯ ಗಾಡಿ ನೋಡಲು ಹೊರಟಿರುವ ಸದಸ್ಯರು ಯಾವ ಭಾನುವಾರವಾದರೂ ಬಂದು ಅದನ್ನು ಕಣ್ಣಾರೆ ನೋಡಿಕೊಂಡು ಹೋಗಬಹುದು.