ಬೆಳಕಿನ ಅಲಂಕಾರಕ್ಕೆ ತಕ್ಕ ಸ್ಪಾಟ್ ಲೈಟನ್ನು ಆರಿಸುವ ಬಗೆ

ಶಾಲೆಯ ವಾರ್ಷಿಕೋತ್ಸವ, ಕ್ರಿಸ್ತಜಯಂತಿ, ದೀಪಾವಳಿ, ಮನೆಯ ಮದುವೆ ಮೊದಲಾದ ಸಂಭ್ರಮಗಳಲ್ಲಿ ಅಂಗಳವನ್ನು ದೀಪಗಳಿಂದ ಸಿಂಗರಿಸುವುದು ವಾಡಿಕೆಯಾಗಿರುವುದು. ಈ ಸಿಂಗಾರದಲ್ಲಿ ಎರಡು ಬಗೆಗಳುಂಟು. ಕಟ್ಟಡದ ಮೈಮೇಲೆಯೇ ದೀಪಗಳನ್ನು ಸಾಲುಗೂಡಿಸುವುದು ಒಂದು. ಮೈಸೂರಿನ ಅರಮನೆಯು ಸುಮಾರು ಒಂದು ಲಕ್ಷ ಬಲ್ಬುಗಳಿಂದ ಬೆಳಗುವುದು ಈ ಬಗೆಗೆ ಸೇರಿದುದು. ದೂರದಲ್ಲಿ ದೀಪವನ್ನಿಟ್ಟು ಅದರ ಬೆಳಕನ್ನು ವಸ್ತುವಿನ ಮೇಲೆ ಬೀಳಿಸುವುದು ಇನ್ನೊಂದು. ಇದಕ್ಕೆ ಒಂದೆರಡು ದೀಪಗಳೇ ಸಾಕು. ಆದರೆ ಅವುಗಳನ್ನು ಆರಿಸುವಲ್ಲಿ ವಿವೇಕವಿಲ್ಲದಿದ್ದರೆ ಹಣವು ವ್ಯರ್ಥವಾಗುವುದಲ್ಲದೆ ನೆರೆಯವರ ನಿದ್ರೆಯೂ ಕೆಡುವುದು. ಕೆಲವೊಮ್ಮೆ ಪ್ರಾಣಾಪಾಯವೂ ಒದಗುವುದು. ಶಾಲೆಗೆ ದೀಪವನ್ನು ಕಾಣಿಕೆಯಾಗಿ ಕೊಡಬಯಸುವ ಹಳೆಯ ವಿದ್ಯಾರ್ಥಿನಿಯರಿಗೂ, ಮನೆಗಾಗಿ ಕೊಳ್ಳುವ ತಾಯಿತಂದೆಗಳಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವ ಮೊದಲನೆಯ ಪ್ರಶ್ನೆ, "ಇದು ಎಷ್ಟು ವ್ಯಾಟಿನದು?" ಎಂಬುದು. ವ್ಯಾಟು ಎಂಬುದು ದೀಪವು ನುಂಗುವ ವಿದ್ಯುತ್ತಿನ ಅಳತೆಯೇ ಹೊರತು ಬೆಳಕಿನ ಅಳತೆಯಲ್ಲ. ದೀಪದಿಂದ ಹೊರಡುವ ಒಟ್ಟು ಬೆಳಕನ್ನು ಲೂಮೆನ್ ಎಂದೂ, ಒಂದು ದಿಕ್ಕಿನಲ್ಲಿ ಅದಕ್ಕಿರುವ ತೀವ್ರತೆಯನ್ನು ಕ್ಯಾಂಡೆಲಾ ಎಂದೂ, ವಸ್ತುವಿನ ಮೇಲೆ ಬಿದ್ದ ಬೆಳಕನ್ನು ಲಕ್ಸ್ ಎಂದೂ ಅಳೆಯುವರು. ಅಗಲ ಬಾಯಿಯ ಪಾತ್ರೆಯಿಂದ ಸುರಿದ ನೀರು ನೆಲವೆಲ್ಲ ಹರಡುವುದು. ಅಷ್ಟೇ ನೀರು ಗಿಂಡಿಯ ಮೂತಿಯಿಂದ ಬಂದರೆ ಬೇಕಾದ ಕಡೆಗೆ ಮಾತ್ರ ಬೀಳುವುದು. ಬೆಳಕಿನ ಸಂಗತಿಯೂ ಹೀಗೆಯೇ. ಆದುದರಿಂದ ಕೇಳಬೇಕಾದ ಮುಖ್ಯವಾದ ಪ್ರಶ್ನೆ ಕಿರಣಕೋನವೆಷ್ಟು ಎಂಬುದು. ಅಂಗಡಿಯವರು ಇದನ್ನು ಬೀಮ್ ಆಂಗಲ್ ಎನ್ನುವರು.

ದೀಪದ ಬೆಳಕು ನಡುವೆ ಅತಿ ಪ್ರಖರವಾಗಿದ್ದು ಅಂಚಿನ ಕಡೆಗೆ ಕುಂದುತ್ತ ಹೋಗುವುದು. ನಡುವಣ ತೀವ್ರತೆಯು ಅರ್ಧಕ್ಕೆ ಇಳಿಯುವ ಎರಡು ಅಂಚುಗಳ ನಡುವಿನ ಕೋನವೇ ಕಿರಣಕೋನ. ಅದರ ಆಚೆಗೂ ಸ್ವಲ್ಪ ಬೆಳಕು ಚೆಲ್ಲುವುದೆಂಬುದನ್ನು ಮರೆಯಬಾರದು. ಹತ್ತು ಡಿಗ್ರಿಯ ದೀಪವು 10 ಮೀಟರು ದೂರದ ಗೋಡೆಯ ಮೇಲೆ ಸುಮಾರು 1.75 ಮೀಟರು ಅಡ್ಡಳತೆಯ ವೃತ್ತವನ್ನು ಬೆಳಗುವುದು. 25 ಡಿಗ್ರಿಯದು 4.4 ಮೀಟರು, 60 ಡಿಗ್ರಿಯದು 11.5 ಮೀಟರು. ಮೊದಲನೆಯ ವೃತ್ತದ ಕ್ಷೇತ್ರಫಲವು 2.4 ಚದರ ಮೀಟರಾದರೆ ಕಡೆಯದರ ಕ್ಷೇತ್ರಫಲವು 100 ಚದರ ಮೀಟರನ್ನೂ ಮೀರುವುದು. ಎರಡೂ ದೀಪಗಳ ಲೂಮೆನ್ ಒಂದೇ ಆಗಿದ್ದರೂ ಗೋಡೆಯ ಮೇಲಿನ ಕಾಂತಿಯಲ್ಲಿ ನಲವತ್ತರಷ್ಟು ಅಂತರವಾಗುವುದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆಯು ದೀಪಕ್ಕೂ ಸಲ್ಲುವುದು: ವಸ್ತುವಿದ್ದಷ್ಟೇ ಬೆಳಕು ಚಾಚಬೇಕು.

ಬೇಕಾದ ಕೋನವನ್ನು ತಿಳಿಯಲು ಒಂದು ಸುಲಭವಾದ ಲೆಕ್ಕವುಂಟು. ವಸ್ತುವಿನ ಅಗಲವನ್ನು 57ರಿಂದ ಗುಣಿಸಿ ದೂರದಿಂದ ಭಾಗಿಸಿದರೆ ಸುಮಾರಾಗಿ ಡಿಗ್ರಿಯು ದೊರೆಯುವುದು. ಗೋಪುರದ ಗೋಡೆಯ ಮೇಲೆ 12 ಮೀಟರು ಎತ್ತರದಲ್ಲಿ 1.5 ಮೀಟರು ಅಗಲದ ನಕ್ಷತ್ರವನ್ನು ಕಟ್ಟಿದೆಯೆಂದೂ, ಗೋಪುರದ ಬುಡದಿಂದ 9 ಮೀಟರು ಆಚೆ ನೆಲದ ಮೇಲೆ ದೀಪವನ್ನು ಇಡುವೆವೆಂದೂ ಭಾವಿಸೋಣ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವನ್ನು ನೆನೆದರೆ ದೀಪಕ್ಕೂ ನಕ್ಷತ್ರಕ್ಕೂ ಇರುವ ದೂರವು 15 ಮೀಟರೆಂದು ತಿಳಿಯುವುದು. ಲೆಕ್ಕದ ಪ್ರಕಾರ ಕೋನವು 5.7 ಡಿಗ್ರಿ. ಗಾಳಿಗೆ ದೀಪವು ತುಸು ಅಲುಗಿದರೂ ಗುರಿ ತಪ್ಪದಂತೆ 8 ಅಥವಾ 10 ಡಿಗ್ರಿಯದನ್ನು ಆರಿಸುವುದು ಲೇಸು.

ಇನ್ನು ತೀವ್ರತೆಯ ಮಾತು. ದೂರವು ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುವುದೆಂದು ಕೆಪ್ಲರನು 1604ರಲ್ಲಿಯೇ ಬರೆದನು. ನಕ್ಷತ್ರದ ಮೇಲೆ 100 ಲಕ್ಸ್ ಬೀಳಬೇಕಾದರೆ 15ರ ವರ್ಗವಾದ 225ರಿಂದ ಗುಣಿಸಬೇಕು. 22,500 ಕ್ಯಾಂಡೆಲಾ ಆಗುವುದು. ಆದರೆ ಬೆಳಕು ಕೆಳಗಿನಿಂದ ಓರೆಯಾಗಿ ಬೀಳುವ ಕಾರಣ 15ಕ್ಕೆ 9ರ ಪ್ರಮಾಣದಲ್ಲಿ ಮಾತ್ರ ಫಲಕಾರಿಯಾಗುವುದು. ಆದಕಾರಣ ನಿಜವಾಗಿ ಬೇಕಾದುದು 37,500 ಕ್ಯಾಂಡೆಲಾ. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸನ್ನೂ ಮುಟ್ಟುವುದಿಲ್ಲವಾದುದರಿಂದ ಕತ್ತಲೆಯ ಅಂಗಳದಲ್ಲಿ 100 ಲಕ್ಸ್ ಧಾರಾಳವಾಗಿ ಸಾಕು. ಸುಣ್ಣ ಬಳಿದ ಬಿಳಿ ಗೋಡೆಗೆ ಇನ್ನೂ ಕಡಿಮೆ ಸಾಕು; ಮುರಕಲ್ಲಿಗೂ ದಟ್ಟ ಹಸುರು ಎಲೆಗಳಿಗೂ ಹೆಚ್ಚು ಬೇಕು.

ಬೆಳಕು ಹುಟ್ಟುವ ಸ್ಥಳವು ಎಷ್ಟು ಚಿಕ್ಕದೋ ಅದನ್ನು ಮಸೂರದಿಂದ ಅಷ್ಟು ಕಿರಿದಾದ ಕಿರಣವನ್ನಾಗಿ ಕೂಡಿಸಬಹುದು. ಹಿಂದೆ ಇದಕ್ಕಾಗಿ ದೊಡ್ಡ ಕನ್ನಡಿಯ ದೀಪಗಳನ್ನು ಬಳಸುತ್ತಿದ್ದರು. ಪಾರ್ 38 ಎಂಬ ಹೆಸರಿನಲ್ಲಿರುವ ಅಂಕೆಯು ದೀಪದ ಅಡ್ಡಳತೆಯನ್ನು ಇಂಚಿನ ಎಂಟನೆಯ ಒಂದು ಪಾಲುಗಳಲ್ಲಿ ಹೇಳುವುದು. ಅಂದರೆ ನಾಲ್ಕು ಮುಕ್ಕಾಲು ಇಂಚು. ಈಗಿನ ಎಲ್.ಇ.ಡಿ. ದೀಪಗಳಲ್ಲಿ ಬೆಳಕಿನ ಬಿಂದುವು ಬಹಳ ಚಿಕ್ಕದಾದುದರಿಂದ ಅಂಗೈಯಗಲದ ದೀಪವೂ ಕಿರುಕಿರಣವನ್ನು ಕೊಡಬಲ್ಲದು. ಬಿಳಿಯ ಎಲ್.ಇ.ಡಿ.ಗೆ ದಾರಿಮಾಡಿದ ನೀಲಿ ಎಲ್.ಇ.ಡಿ.ಯನ್ನು ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಂಕೆಯಿಂದ ಸೂಚಿಸುವರು: 3000ದ ಆಸುಪಾಸಿನದು ಹೊಂಬಣ್ಣದ ಬೆಳಕು, 6000ದ ಆಸುಪಾಸಿನದು ನೀಲಿ ಬೆರೆತ ಬಿಳುಪು. ಕೆಂಪು ಕಲ್ಲಿಗೂ ಹೆಂಚಿಗೂ ಮೊದಲನೆಯದು ಒಪ್ಪುವುದು.

ಕಿರುಕಿರಣವು ನೋಡುವವರ ಕಣ್ಣಿಗೆ ನೇರವಾಗಿ ಹೊಡೆಯದಂತೆ ದೀಪದ ಮುಂದೆ ಮರೆಯನ್ನು ಇಡತಕ್ಕದ್ದು. ಗುರಿಯ ಹಿಂದೆ ಗೋಡೆಯೋ ಮರವೋ ಇರುವುದು ಉತ್ತಮ. ಬರಿಯ ಆಕಾಶವಿದ್ದರೆ ಮಿಕ್ಕ ಬೆಳಕೆಲ್ಲ ಮೇಲಕ್ಕೆ ಹಾರುವುದು. 2001ರ ಸೆಪ್ಟೆಂಬರ್ 11ರ ದುರಂತದಲ್ಲಿ ಮಡಿದವರ ನೆನಪಿಗಾಗಿ ನ್ಯೂಯಾರ್ಕಿನಲ್ಲಿ 88 ದೀಪಗಳನ್ನು ಆಕಾಶಕ್ಕೆ ತಿರುಗಿಸಿ ಎರಡು ಬೆಳಕಿನ ಕಂಬಗಳನ್ನು ನಿಲ್ಲಿಸುವರು. ಒಂದೊಂದು ದೀಪವೂ 7,000 ವ್ಯಾಟಿನದು. ವಲಸೆಹೋಗುವ ಹಕ್ಕಿಗಳು ಆ ಬೆಳಕಿಗೆ ಮರುಳಾಗಿ ಅಲ್ಲಿಯೇ ಸುತ್ತುವುದನ್ನು ವಿಜ್ಞಾನಿಗಳು ಕಂಡರು. ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳು ಹೀಗೆ ದಾರಿಗೆಟ್ಟುವೆಂದು 2017ರಲ್ಲಿ ಪ್ರಕಟಿಸಿದರು. ದೀಪಗಳನ್ನು ಆರಿಸಿದೊಡನೆ ಅವು ಚದರಿ ತಮ್ಮ ದಾರಿಯನ್ನು ಹಿಡಿದುವು. ನಮ್ಮ ಚಿಕ್ಕ ದೀಪಕ್ಕೂ ಈ ಪಾಠವು ಅನ್ವಯಿಸುವುದು: ಉತ್ಸವವು ಮುಗಿದೊಡನೆ ಆರಿಸಬೇಕು.

ಕಡೆಯದಾದರೂ ಎಲ್ಲಕ್ಕಿಂತ ಮುಖ್ಯವಾದುದು ಸುರಕ್ಷತೆ. ದೀಪದ ಮೇಲೆ ಐಪಿ 65 ಎಂದು ಮುದ್ರಿಸಿದ್ದರೆ ಧೂಳು ಒಳಹೊಗದೆಂದೂ, ಸುತ್ತಲಿಂದ ಎರಚಿದ ನೀರು ಕೆಡುಕು ಮಾಡದೆಂದೂ ಅರ್ಥ. ನೀರು ನಿಲ್ಲುವ ಕಡೆ ಐಪಿ 67 ಬೇಕು. ದೀಪವು ಎಷ್ಟೇ ಭದ್ರವಾಗಿದ್ದರೂ ತಂತಿಯ ಜೋಡಣೆಯು ಒದ್ದೆ ಹುಲ್ಲಿನ ಮೇಲೆ ಬಿದ್ದಿದ್ದರೆ ಪ್ರಯೋಜನವಿಲ್ಲ. ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳದಲ್ಲಿ 12 ಅಥವಾ 24 ವೋಲ್ಟಿನ ದೀಪಗಳು ಕ್ಷೇಮಕರ. ಮನೆಯ 230 ವೋಲ್ಟನ್ನೇ ಬಳಸುವುದಾದರೆ ಭೂತಂತಿಯೂ, ವಿದ್ಯುತ್ತು ಸೋರಿದೊಡನೆ ಕಡಿದುಹಾಕುವ 30 ಮಿಲಿಯಾಂಪಿಯರಿನ ಆರ್.ಸಿ.ಸಿ.ಬಿ.ಯೂ ಇರಲೇಬೇಕು. ಈ ಕೆಲಸವನ್ನು ಅನುಮತಿಪತ್ರವುಳ್ಳ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.

ಆದುದರಿಂದ ದೀಪವನ್ನು ಕೊಳ್ಳಹೋಗುವ ಮುನ್ನ ಒಂದು ಚೀಟಿಯಲ್ಲಿ ವಸ್ತುವಿನ ಅಗಲ, ಎತ್ತರ, ದೀಪವಿಡುವ ಸ್ಥಳದ ದೂರ, ಈ ಮೂರನ್ನು ಬರೆದುಕೊಂಡು ಹೋಗಿರಿ. ಕೋನವನ್ನೂ ಕ್ಯಾಂಡೆಲಾವನ್ನೂ ಹೇಳಬಲ್ಲ ಅಂಗಡಿಯಲ್ಲಿಯೇ ಕೊಳ್ಳಿರಿ. ಸಾಧ್ಯವಾದರೆ ಒಂದು ರಾತ್ರಿ ಅದೇ ಸ್ಥಳದಲ್ಲಿ ಹಚ್ಚಿನೋಡಿ ಹಣ ಕೊಡಿರಿ. ಹೀಗೆ ಆರಿಸಿದ ಒಂದು ಚಿಕ್ಕ ದೀಪವು, ಲೆಕ್ಕವಿಲ್ಲದೆ ತಂದ ಹತ್ತು ದೊಡ್ಡ ದೀಪಗಳ ಕೆಲಸವನ್ನು ಮಾಡಬಲ್ಲದು.